ಫಲಕದ ಬೆನ್ನಿನ ಮೂರು ಗುರುತು

ತಾನು ಬರೆದ ನಾಮಫಲಕ ಹಾಕಲು ದೂರದ ಊರಿಗೆ ಹೋಗಿದ್ದ ಗಂಡ ಎದೆನೋವಿನಿಂದ ಅಲ್ಲೇ ತೀರಿಕೊಂಡನೆಂಬ ಸುದ್ದಿ ಬಂದ ಬೆಳಿಗ್ಗೆ, ಹೆಂಡತಿ ಅವನ ಕುಂಚಗಳನ್ನು ತೊಳೆಯುತ್ತಿದ್ದಳು. ಒದ್ದೆ ಕುಂಚ ಕೈಯಲ್ಲೇ ಉಳಿಯಿತು.

ತಿಂಗಳು ಕಳೆಯಿತು. ಅವನು ಮಾತು ಕೊಟ್ಟಿದ್ದ ಆಸ್ಪತ್ರೆಯ ಐವತ್ತೆರಡು ಫಲಕಗಳು ಬಾಕಿ ಇದ್ದವು. ಅಷ್ಟರಲ್ಲಿ ಅವರ ಫಲಕದಂಗಡಿಯಲ್ಲಿ ಅವಳು ವಿನ್ಯಾಸ ಮಾಡುವ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಕೊಳ್ಳುವ ಶಕ್ತಿ ಇದ್ದದ್ದು ಒಂದಕ್ಕೆ ಮಾತ್ರ. ಅದರ ಆಯ್ಕೆ ತಪ್ಪಿದರೆ ಕೆಲಸವೂ ಹೋಯಿತು, ಗಂಡನ ಮಾತೂ ಹೋಯಿತು.

ಲ್ಯಾಪ್‌ಟಾಪ್ ಅಂಗಡಿಗೆ ಅತ್ತಿಗೆಯ ಜೊತೆ ನಾದಿನಿ, ತೀರಿಹೋದವನ ತಂಗಿಯೂ ಬಂದಳು. ಕಂಪ್ಯೂಟರ್ ರಿಪೇರಿ ಅವಳ ಕಸುಬು.

"ಇದು ಐ7 ಅಮ್ಮ, ಅದು ಬರೀ ಐ5. ಬೆಲೆ ಒಂದೇ," ಎಂದ ಅಂಗಡಿಯವನು.

"ಐದಕ್ಕಿಂತ ಏಳು ದೊಡ್ಡದು ಅಂತ ಮಗೂಗೂ ಗೊತ್ತು. ಇದನ್ನೇ ಕೊಡಪ್ಪ," ಎಂದಳು ಅತ್ತಿಗೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಅತ್ತಿಗೆ. ಪೂರ್ತಿ ಹೆಸರು ಓದಿ," ಎಂದಳು ನಾದಿನಿ.

ಒಂದರ ಚೀಟಿಯಲ್ಲಿ ಐ7-8650ಯು, ಇನ್ನೊಂದರಲ್ಲಿ ಐ5-12450ಎಚ್.

"ಇದೇನೇ, ಹೆಸರೋ ಫೋನ್ ನಂಬರೋ?"

"ಅಣ್ಣ ಫಲಕದ ಬೆನ್ನಿಗೆ ಪೆನ್ಸಿಲಲ್ಲಿ ಏನು ಬರೀತಿದ್ದ?"

ಅತ್ತಿಗೆಯ ದನಿ ಮೆತ್ತಗಾಯಿತು. "ಮರದ ದರ್ಜೆ, ಕೊಯ್ದ ವರ್ಷ, ನೆರಳಿಗೋ ಬಿಸಿಲಿಗೋ ಅಂತ."

"ಪ್ರೊಸೆಸರು, ಅಂದ್ರೆ ಲ್ಯಾಪ್‌ಟಾಪಿನ ಮಿದುಳು, ಅದರ ಹೆಸರಲ್ಲೂ ಅವೇ ಮೂರು. ಐದು, ಏಳು ಅನ್ನೋದು ದರ್ಜೆ. ಅಡ್ಡಗೆರೆ ಆದ್ಮೇಲೆ ಬರೋ ಅಂಕಿ ತಲೆಮಾರು. ಅದು ಒಂದರಿಂದ ಶುರುವಾದ್ರೆ ಎರಡಂಕಿ ಓದ್ಬೇಕು. ಕೊನೇ ಅಕ್ಷರ ಕೆಲಸದ್ದು. ಯು ಅಂದ್ರೆ ಕಡಿಮೆ ವಿದ್ಯುತ್ತು, ಎಚ್ ಅಂದ್ರೆ ಭಾರದ ಕೆಲಸ."

ಅತ್ತಿಗೆ ಕನ್ನಡಕ ಏರಿಸಿ ತಾನೇ ಓದಿದಳು. "ಇದು ಎಂಟನೇದು, ಅದು ಹನ್ನೆರಡನೇದು! ಹಳೇ ಮರಕ್ಕೆ ಬಣ್ಣ ಬಳಿದು ತೋರಿಸ್ತಿದ್ದೀಯೇನಪ್ಪ? ನನ್ನದು ದೊಡ್ಡ ಚಿತ್ರಗಳ ಕೆಲಸ. ಆ ಎಚ್ ಇರೋದೇ ಕೊಡು. ಮೆಮೊರಿ ಹದಿನಾರು ಜಿಬಿ ಇದೆ ತಾನೆ?"

ಅಂಗಡಿಯವನು ತಲೆ ಕೆರೆದುಕೊಂಡು ನಕ್ಕ. "ಇದೆ ಅಮ್ಮ. ನೀವು ನನ್ನ ಅಂಗಡಿಗೇ ಕೆಲಸಕ್ಕೆ ಬಂದ್ಬಿಡಿ."

"ನನಗೆ ನನ್ನ ಅಂಗಡಿ ಇದೆ," ಎಂದು ಅತ್ತಿಗೆ ತಲೆಯೆತ್ತಿ ಹೇಳಿದಳು.

ಐವತ್ತೆರಡೂ ಫಲಕಗಳು ಹೇಳಿದ ದಿನಕ್ಕೆ ಗೋಡೆ ಏರಿದವು. ಪ್ರತಿಯೊಂದರ ಬೆನ್ನಿಗೂ ಅವಳ ಕೈಬರಹದಲ್ಲಿ ಅವೇ ಮೂರು ಗುರುತು.

ತಾಯಂದಿರೇ, ಅಣ್ಣತಮ್ಮಂದಿರೇ, ದುಡಿಮೆಗೆ ಲ್ಯಾಪ್‌ಟಾಪ್ ಕೊಳ್ಳುವಾಗ ದೊಡ್ಡ ಅಂಕಿಯೊಂದಕ್ಕೇ ಮರುಳಾಗಬೇಡಿ. ಪ್ರೊಸೆಸರಿನ ಪೂರ್ತಿ ಹೆಸರು ಕೇಳಿ ಓದಿ. ಹೆಸರಿಡುವ ಕ್ರಮ ಕಂಪನಿಗೊಂದು, ಕಾಲಕ್ಕೊಂದು. ತಿಳಿಯದಿದ್ದರೆ ತಿಳಿದವರನ್ನು ಕೇಳಲು ನಾಚಬೇಡಿ.

ಯಾರೂ ನೋಡದ ಬೆನ್ನಿಗೂ ನಿಜವನ್ನೇ ಬರೆದು ಹೋದ ಆ ಜೀವಕ್ಕೆ, ಭಗವಂತಾ, ನಿನ್ನ ಪಾದದಲ್ಲಿ ಶಾಂತಿ ಕೊಡು.