ನೆಲವಿಲ್ಲದ ಬಾಗಿಲು

ನಮ್ಮ ಭಾವ ಯಾವ ಬಾಗಿಲನ್ನೂ ನೇರವಾಗಿ ದಾಟಿದವರಲ್ಲ. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಸ್ವಂತ ಮನೆಯ ಬಚ್ಚಲೇ ಇರಲಿ, ಹೊಸ್ತಿಲ ಬಳಿ ಬಂದೊಡನೆ ಗಕ್ಕನೆ ನಿಂತು, ತಲೆ ಬಗ್ಗಿಸಿ, ಬಲಗಾಲಿನ ತುದಿಯಿಂದ ಆಚೆಯ ನೆಲವನ್ನು ಮೆತ್ತಗೆ ತಟ್ಟಿ, ಅದು ಅಲ್ಲೇ ಇದೆಯೆಂದು ಖಾತ್ರಿಯಾದ ಮೇಲೆಯೇ ದೇಹದ ಉಳಿದ ಭಾಗಕ್ಕೆ ಒಳಹೋಗಲು ಅನುಮತಿ ಕೊಡುತ್ತಾರೆ. ಹಿಂದೆ ಬರುವವರು ಅವರ ಬೆನ್ನಿಗೆ ಡಿಕ್ಕಿ ಹೊಡೆದು ಗೊಣಗುವುದು ನಿತ್ಯದ ಮಾತು. ಭಾವ ಅದಕ್ಕೆಲ್ಲ ಸೊಪ್ಪು ಹಾಕುವ ಆಸಾಮಿಯಲ್ಲ. "ನೆಲ ಇದೆ, ಬನ್ನಿ" ಎಂದು ಬೈದವರಿಗೇ ದಾರಿ ಬಿಡುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ವೃತ್ತಿಯಿಂದ ಲಿಫ್ಟ್ ಮೆಕ್ಯಾನಿಕ್. ಆಯುಷ್ಯದ ಬಹುಭಾಗವನ್ನು ಎತ್ತರದ ಒಂದೇ ಕಟ್ಟಡದಲ್ಲಿ ಕಳೆದವರು. ಲಿಫ್ಟು ಬಂದು ನಿಂತ ಹೊರತು ಅದರ ಬಾಗಿಲು ತೆರೆಯಕೂಡದು ಎಂಬುದು ಅವರ ಕಸುಬಿನ ಮೊದಲ ಪಾಠವಾಗಿತ್ತು. ಅವರು ಅದನ್ನು ಬದುಕಿನ ಏಕೈಕ ಸಿದ್ಧಾಂತವನ್ನಾಗಿ ಮಾಡಿಕೊಂಡುಬಿಟ್ಟರು. ಅವರ ಕಾಲದಲ್ಲಿ ಅಲ್ಲಿನ ಯಾವ ಬಾಗಿಲೂ ಬರಿಯ ಶೂನ್ಯಕ್ಕೆ ತೆರೆದುಕೊಳ್ಳಲಿಲ್ಲ, ಯಾರೂ ಬೀಳಲಿಲ್ಲ, ಏನೂ ಆಗಲಿಲ್ಲ. ಏನೂ ಆಗದಿರುವುದೇ ಒಬ್ಬ ಮನುಷ್ಯನ ಜೀವಮಾನದ ಸಾಧನೆಯಾದರೆ ಅದಕ್ಕೆ ಹಾರ ಹಾಕುವವರು ಯಾರು? ಭಾವನಿಗೆ ಆ ಬಗ್ಗೆ ಬೇಸರವೂ ಇರಲಿಲ್ಲ.

ನಿವೃತ್ತಿಯಾದ ಮೇಲೂ ಅವರು ಮೊಣಕಾಲಿನವರೆಗೆ ಇಳಿಬಿದ್ದ ಆ ನೀಲಿ ಕೋಟನ್ನು ಬಿಡಲಿಲ್ಲ. ಎಷ್ಟು ಒಗೆದರೂ ಗ್ರೀಸಿನ ವಾಸನೆ ಹೋಗದ, ಟಾರ್ಚು, ಸ್ಕ್ರೂಡ್ರೈವರು, ಚಿಂದಿಬಟ್ಟೆಗಳ ಭಾರಕ್ಕೆ ಜೇಬುಗಳು ಜೋತುಬಿದ್ದ ಕೋಟು. "ಅದನ್ನ ಬಿಚ್ಚಿದ್ರೆ ಒಳಗೆ ಮನುಷ್ಯ ಇರ್ತಾರೋ ಇಲ್ವೋ ಅಂತ ನಂಗೇ ಅನುಮಾನ" ಎಂದು ಅಕ್ಕ ಛೇಡಿಸುವುದಿತ್ತು. ಇನ್ನು ಅವರ ಮಾತೋ, ಎಲ್ಲಿ ಹೊರಟರೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು. ಕಾಲೇಜಿನ ಮೇಷ್ಟ್ರ ಕೆಲಸ ಬಿಟ್ಟು ಬರವಣಿಗೆಯಲ್ಲೇ ಬದುಕುತ್ತೇನೆಂದು ನಾನು ಎದೆಯುಬ್ಬಿಸಿ ಸಾರಿದ ದಿನ, ಎಲ್ಲರೂ ತಲೆಗೊಂದರಂತೆ ಬುದ್ಧಿ ಹೇಳುತ್ತಿದ್ದಾಗ, ಭಾವ ಲೋಟ ಕೆಳಗಿಟ್ಟು ಕೇಳಿದ್ದು ಇಷ್ಟೇ: "ಅದಕ್ಕೆ ನೆಲ ಇದೆಯೇನಯ್ಯಾ?" ನನಗೆ ಮೈಯೆಲ್ಲ ಉರಿದುಹೋಯಿತು.

ಮೆಕ್ಯಾನಿಕ್ ಸದಾ ಕೈಗೆಟುಕುವಂತಿರಬೇಕೆಂದು ಕಟ್ಟಡದವರು ಅವರಿಗೆ ನೆಲಮಾಳಿಗೆಯಲ್ಲಿ, ಪಂಪಿನ ಕೋಣೆಯ ಮಗ್ಗುಲಲ್ಲೇ ಬಿಡಾರ ಕೊಟ್ಟಿದ್ದರು. ಲೋಕವನ್ನೆಲ್ಲ ಮೇಲಕ್ಕೆ ಹತ್ತಿಸುತ್ತಿದ್ದ ಮನುಷ್ಯನ ಹೆಂಡತಿ ಎಲ್ಲರಿಗಿಂತ ಕೆಳಗೆ ಸಂಸಾರ ಹೂಡಿದಳು. ಆ ಮನೆಗಿದ್ದದ್ದು ಒಂದೇ ಕಿಟಕಿ. ಅದೂ ಸೂರಿಗೆ ಅಂಟಿಕೊಂಡು, ಹೊರಗಿನ ಕಾಲುದಾರಿಯ ಮಟ್ಟಕ್ಕಿದ್ದ, ತೆರೆಯಲಾಗದ ಒಂದು ಗಾಜಿನ ಪಟ್ಟಿ. ಅಲ್ಲಿ ಕಾಣುತ್ತಿದ್ದುದು ಹೋಗಿಬರುವವರ ಕಾಲು ಮಾತ್ರ. ಒಲೆಯ ಮುಂದೆ ನಿಂತು ಆ ಪಾದಗಳನ್ನೇ ನೋಡಿ ನೋಡಿ, ಯಾರಿಗೆ ಅವಸರ, ಯಾರಿಗೆ ಮಂಡಿನೋವು, ಯಾರು ಯಾರಿಗಾಗಿ ಕಾದು ಸೋತಿದ್ದಾರೆ ಎಂದು ಅಕ್ಕ ಹೇಳಬಲ್ಲವಳಾಗಿದ್ದಳು. ಒಮ್ಮೆ ಅಂಗಡಿಯಲ್ಲಿ ಹೆಂಗಸೊಬ್ಬಳ ಕೆಂಪು ಚಪ್ಪಲಿ ಕಂಡೊಡನೆ "ಕುಂಟೋದು ವಾಸಿಯಾಯ್ತಾ?" ಎಂದು ಕೇಳಿಬಿಟ್ಟು, ಆಕೆ ಕಕ್ಕಾಬಿಕ್ಕಿಯಾದದ್ದನ್ನು ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ್ದಳು. ಆ ಹೆಂಗಸಿನ ಮುಖವನ್ನು ಅವಳು ನೋಡಿದ್ದು ಅಂದೇ ಮೊದಲು.

ನಿವೃತ್ತಿಯ ನಂತರ ಅವರು ಒಂದು ಪುಟ್ಟ ಮನೆ ಕೊಂಡರು. ಅದರ ಅಟ್ಟವನ್ನು ಮಲಗುವ ಕೋಣೆ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಬೀದಿಯ ಕಡೆಯ ಗೋಡೆ ಒಡೆಯುವ ಮುನ್ನ ಮೇಸ್ತ್ರಿ ಇಬ್ಬರನ್ನೂ ನಿಲ್ಲಿಸಿಕೊಂಡ.

"ಒಂದೋ ಮಾಮೂಲಿ ಕಿಟಕಿ ಇಡಬಹುದು. ಇಲ್ಲಾಂದ್ರೆ ಜೂಲಿಯೆಟ್ ಬಾಲ್ಕನಿ ಅಂತ ಮಾಡ್ತಾರೆ. ನೆಲದಿಂದಲೇ ಗಾಜಿನ ಜೋಡಿ ಬಾಗಿಲು, ಒಳಗಡೆಗೆ ತೆರೆಯುತ್ತೆ. ಹೊರಗೆ ಬಾಗಿಲಿಗೇ ತಾಗಿದ ಹಾಗೆ ಸೊಂಟದೆತ್ತರಕ್ಕೆ ಕಬ್ಬಿಣದ ಕಂಬಿ."

"ಬಾಗಿಲು ದಾಟಿದ್ರೆ ಎಲ್ಲಿ ನಿಲ್ಲೋದು?" ಎಂದರು ಭಾವ.

"ದಾಟೋಕೆ ಜಾಗ ಇರಲ್ಲ. ಒಳಗೇ ನಿಂತು ನೋಡೋದು."

ಅಯ್ಯೋ, ಆಗ ಭಾವನ ಮುಖ ನೋಡಬೇಕಿತ್ತು! ತಾನು ಜೀವಮಾನವಿಡೀ ತಡೆದುಕೊಂಡು ಬಂದದ್ದನ್ನೇ ಈ ಮೇಸ್ತ್ರಿ ಒಂದು ಅಲಂಕಾರವೆಂಬಂತೆ ಬಣ್ಣಿಸುತ್ತಿದ್ದಾನಲ್ಲ! ಅವರು ಬಾಯಿ ತೆರೆಯುವಷ್ಟರಲ್ಲಿ, ಎಂದೂ ಇಂಥದ್ದೇ ಬೇಕೆಂದು ಕೇಳದ ನನ್ನ ಅಕ್ಕ, "ನಂಗೆ ಅದೇ ಬೇಕು" ಎಂದಳು.

ಭಾವ ಒಪ್ಪಲಿಲ್ಲ. ಎದೆಮಟ್ಟದ ಕಟ್ಟೆಯಿರುವ ಕಿಟಕಿಯೇ ಕ್ಷೇಮವೆಂದು ಹಟ ಹಿಡಿದರು. ಆ ಎತ್ತರಕ್ಕೆ ಕಟ್ಟೆ ಬಂದರೆ, ಕುಳ್ಳಿಯಾದ ನನ್ನ ಅಕ್ಕನಿಗೆ ಕೂತಲ್ಲಿಂದ ಬರಿಯ ಆಕಾಶ ಕಾಣುತ್ತಿತ್ತೇ ಹೊರತು ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ.

"ಜನರ ಕಾಲು ನೋಡಿ ನೋಡಿ ಸಾಕಾಗಿದೆ ರೀ. ಇನ್ನಾದ್ರೂ ಅವರನ್ನ ಪೂರ್ತಿ ನೋಡ್ಬೇಕು. ಪರಿಚಯದವರು ಹೋದ್ರೆ ಕರೆದು ಮಾತಾಡಿಸಬೇಕು."

"ನಿದ್ದೆಗಣ್ಣಲ್ಲಿ ಎದ್ದು ನಡೆದುಬಿಟ್ರೆ?"

"ಇಷ್ಟು ವರ್ಷದಲ್ಲಿ ಯಾವತ್ತು ನಡೆದಿದೀನಿ?"

ಕಂಬಿಗೆ ತುಕ್ಕು ಹಿಡಿದೀತು, ಮೊಳೆ ಸಡಿಲವಾದೀತು, ಮಳೆನೀರು ಒಳಗೆ ಬಂದೀತು ಎಂದು ಭಾವ ಹೊತ್ತಿಗೊಂದು ಅಪಾಯವನ್ನು ಹುಡುಕಿ ತಂದರು. ಕಡೆಗೊಂದು ದಿನ ಅಕ್ಕ ತರಕಾರಿ ಹೆಚ್ಚುತ್ತ, ತಲೆಯೆತ್ತದೆ, "ಸರಿ, ಕಿಟಕಿಯೇ ಇಡಿಸಿ. ಮೇಲೆ ನೀವು ಮಲಗಿ. ನಾನು ಕೆಳಗಿನ ಕೋಣೆಯಲ್ಲೇ ಇರ್ತೀನಿ, ಅಭ್ಯಾಸ ಇದೆ" ಎಂದಳು. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರೇನೋ. ಮಾರನೆಯ ದಿನವೇ ಮೇಸ್ತ್ರಿಯನ್ನು ಕರೆಸಿ, ಬಾಗಿಲೇ ಆಗಲಿ ಎಂದರು.

ಆಹಾ, ಗೆದ್ದೆವು ಎಂದುಕೊಂಡೆ ನಾನು. ಆದರೆ ಭಾವ ಕೈಕಟ್ಟಿ ಕೂರುವವರೇ? ಕಂಬಿಯನ್ನು ತಾವೇ ನಿಂತು ಬಿಗಿಸಿದರು. ಆನೆ ಒರಗಿದರೂ ಅಲ್ಲಾಡದಂತೆ ಬಿಗಿಸಿದರು. ಆಮೇಲೆ ಬಾಗಿಲಿಗೆ ಹಳೆಯ ಲಿಫ್ಟಿನ ಬೀಗವೊಂದನ್ನು ಜೋಡಿಸಿದರು. ಅದು ಮೆಕ್ಯಾನಿಕ್‌ಗಳ ಬಳಿ ಮಾತ್ರ ಇರುವ ಮೂರು ಮೂಲೆಯ ಕೀಲಿಗಷ್ಟೇ ತೆರೆಯುವಂಥದ್ದು. ಆ ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ನಾನಿದ್ದಾಗ ತೆಗೆಯೋದು, ಇಲ್ಲದಾಗ ಮುಚ್ಚೋದು. ಎಲ್ಲಾ ಬಗೆಹರೀತು ನೋಡು" ಎಂದು ನನ್ನ ಬೆನ್ನು ತಟ್ಟಿದರು. ಅವರ ಸಂತೋಷದಲ್ಲಿ ಕಪಟವಿರಲಿಲ್ಲ. ಹೆಂಡತಿ ಕೇಳಿದ್ದನ್ನು ಕೊಟ್ಟೂ ಅವಳನ್ನು ಕಾಪಾಡಿಕೊಂಡೆನೆಂದು ಪ್ರಾಮಾಣಿಕವಾಗಿ ನಂಬಿದ್ದರು.

ಒಂದು ಮಧ್ಯಾಹ್ನ ನಾನು ಅವರ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಅಕ್ಕ ಮೇಲೆ ಗಾಜಿನ ಹಿಂದೆ ನಿಂತಿದ್ದಳು. ನನ್ನನ್ನು ಕಂಡು ಕೈಬೀಸಿ ಏನೋ ಹೇಳಿದಳು. ತುಟಿ ಆಡಿತು, ಮಾತು ಕೇಳಿಸಲಿಲ್ಲ. "ಬಾಗಿಲು ತೆಗಿ ಅಕ್ಕಾ!" ಎಂದು ಕೂಗಿದೆ. ಅವಳು ಎರಡೂ ಬರಿಗೈ ಬಿಡಿಸಿ ತೋರಿಸಿದಳು. ಆ ಹೊತ್ತಿಗೆ ಭಾವ ಪೇಟೆಯಿಂದ ಹಿಂತಿರುಗಿ ನನ್ನ ಪಕ್ಕದಲ್ಲಿ ಬಂದು ನಿಂತರು. ಅವರೂ ಕತ್ತೆತ್ತಿ ನೋಡಿದರು.

"ಏನಂತಿದಾಳೆ?"

"ಕೇಳಿಸ್ತಿಲ್ಲ ಭಾವ. ಕೀಲಿ ನಿಮ್ಮ ಹತ್ರಾನೇ ಇದೆಯಲ್ಲ."

ಭಾವ ಜೇಬಿನಿಂದ ಕೀಲಿ ತೆಗೆದು ನೋಡಿದರು. ಆಮೇಲೆ ಮೇಲೆ ಹೋಗಿ, ಕೋಟನ್ನೂ ಬಿಚ್ಚದೆ, ಬಾಗಿಲ ಮುಂದೆ ಮಂಡಿಯೂರಿ ಆ ಬೀಗವನ್ನೇ ಕಳಚತೊಡಗಿದರು.

"ಅದನ್ನ ತೆಗೆದ್ರೆ ನಿಮಗೆ ನಿದ್ದೆ ಬರಲ್ಲ" ಎಂದಳು ಅಕ್ಕ.

"ಬರದಿದ್ರೆ ಬೇಡ."

ಅವಳು ಕಾಫಿಗೆಂದು ಕೆಳಗಿಳಿದ ಮೇಲೆ, ಸ್ಕ್ರೂ ತಿರುಗಿಸುತ್ತಲೇ, ನನ್ನ ಮುಖ ನೋಡದೆ ಹೇಳಿದರು: "ಅವಳು ಬೀಳ್ತಾಳೆ ಅಂತಲ್ಲ ಕಣಯ್ಯ. ಅವಳು ಜಾಣೆ, ಬೀಳಲ್ಲ. ಆದ್ರೆ ಅವಳಿಗೇನಾದ್ರೂ ಆಗಿಬಿಟ್ರೆ ನಾನೆಲ್ಲಿ ನಿಂತ್ಕೊಳ್ಳಲಿ?" ನಾನು ಕಳಚಿದ ಸ್ಕ್ರೂಗಳನ್ನು ಆಯ್ದುಕೊಟ್ಟೆ.

ಈಗ ಬೆಳಿಗ್ಗೆ ಹೋದರೆ ಆ ಬಾಗಿಲು ಹಾರುಹೊಡೆದಿರುತ್ತದೆ. ಅಕ್ಕ ಕುರ್ಚಿ ಹಾಕಿಕೊಂಡು ಕೂತು, ಹೋಗಿಬರುವವರನ್ನು ತಲೆಯಿಂದ ಕಾಲಿನವರೆಗೆ ಕಣ್ತುಂಬ ನೋಡುತ್ತ, ಅರ್ಧ ಬೀದಿಯ ಕಷ್ಟಸುಖವನ್ನು ಅಲ್ಲಿಂದಲೇ ವಿಚಾರಿಸುತ್ತಿರುತ್ತಾಳೆ. ಅವಳ ಹಿಂದೆ, ಮಂಚದ ಅಂಚಿನಲ್ಲಿ, ಭಾವ ಅಂಗೈಯ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಾರೆ. "ನೀವೂ ಬನ್ರೀ, ನೋಡಿ" ಎಂದರೆ, "ಇಲ್ಲಿಂದಲೇ ಕಾಣುತ್ತೆ" ಎನ್ನುತ್ತಾರೆ. ಅಲ್ಲಿಂದ ಕಾಣುವುದು ಅಕ್ಕನ ಬೆನ್ನು ಮಾತ್ರ.

ಇಂಥವರೊಡನೆ ಬಾಳುವುದು ಸುಲಭವಲ್ಲ. ತಮ್ಮವರು ಬೀಳದಂತೆ ನೋಡಿಕೊಳ್ಳುವುದನ್ನೇ ಪ್ರೀತಿಯೆಂದು ತಿಳಿದ ಇವರು, ಆ ಪ್ರೀತಿಯ ಭರದಲ್ಲಿ ಗಾಳಿಬೆಳಕಿಗೂ ಅಗುಳಿ ಹಾಕಿಬಿಡುತ್ತಾರೆ. ಆದರೂ ಅವರಲ್ಲಿ ಕೆಲವರು, ಎಲ್ಲರೂ ಅಲ್ಲ, ಒಂದು ದಿನ ತಮ್ಮ ಕೈಯಾರೆ ಅದನ್ನು ತೆಗೆಯುತ್ತಾರೆ. ಅವರ ಭಯವೇನೂ ಅಂದಿಗೆ ಮುಗಿಯುವುದಿಲ್ಲ. ಇನ್ನೊಬ್ಬರು ತೆರೆದ ಬಾಗಿಲಲ್ಲಿ ನಗುನಗುತ್ತ ಕೂತಿರಲೆಂದು, ಆ ಭಯವನ್ನು ಪ್ರತಿದಿನವೂ ಬಾಯಿಮುಚ್ಚಿಕೊಂಡು ತಾವೇ ಅನುಭವಿಸುತ್ತಾರೆ.