ಕಣ್ಣಿನ ಬಿಳಿ

ತನ್ನ ಫೋಟೋ ಸ್ಟುಡಿಯೋದ ಗೋಡೆ ನೀಲಿಯಾಗುತ್ತಿದೆ ಎಂದು ಅಕ್ಕನಿಗೆ ಅನುಮಾನ ಬಂದದ್ದು ಏಳನೆಯ ಭಾನುವಾರ. ಬರಿಗಣ್ಣಿಗೆ ಬಿಳಿ ಗೋಡೆ ಬಿಳಿಯಾಗಿಯೇ ಇತ್ತು. ತಮ್ಮನ ಫೋಟೋದಲ್ಲಿ ಮಾತ್ರ ಅವನ ಹೆಗಲ ಹಿಂದೆ ತೆಳುವಾದ ನೀಲಿ ಹರಡಿಕೊಂಡಿತ್ತು.

ತಮ್ಮ ದರ್ಜಿ. ಹದಿನೈದು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಊರವರದೆಲ್ಲ ಅಳತೆ ತೆಗೀತೀಯ, ನಿಂದೊಂದು ಬಿಟ್ಟು ಎಂದು ಛೇಡಿಸಿದವಳು ಅಕ್ಕನೇ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಜಿಮ್ ಸೇರಿದ. ಜಿಮ್ಮಿನ ಮಾಸ್ತರು ಒಂದು ಡಬ್ಬಿ ಹಸಿರು ಪುಡಿ ಕೈಗಿಟ್ಟು, ಎಲ್ಲ ಬರೀ ಸೊಪ್ಪು, ಬೇರು, ಏನೂ ಆಗಲ್ಲ ಎಂದಿದ್ದರು. ದಿನಕ್ಕೆ ಒಂದು ಚಮಚ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮ ದರ್ಜಿಗೆ ಬೇಗ ಕರಗುವ ಆತುರ. ಎರಡು ಚಮಚ ಕುಡಿದ. ಮೈಕೈ ನೋವು ಬಂದಾಗ ಅದರ ಮೇಲೆ ಮಾತ್ರೆಯನ್ನೂ ನುಂಗಿದ.

ಹನ್ನೆರಡು ಭಾನುವಾರ, ಅದೇ ಗೋಡೆ, ಅದೇ ದೀಪ, ಒಂದೊಂದು ಫೋಟೋ ಎಂದು ಮಾತಾಗಿತ್ತು. ಹೊಟ್ಟೆ ಕರಗಿದ್ದು ಎಲ್ಲರಿಗೂ ಕಾಣಲೆಂದು ಮಾಸ್ತರು ಅವನ್ನೆಲ್ಲ ಸಾಲಾಗಿ ಜಿಮ್ಮಿನಲ್ಲಿ ತೂಗುಹಾಕುವವರಿದ್ದರು. ಊರಿನ ಆ ತುದಿಯಿಂದ ತಮ್ಮ ಬರುತ್ತಿದ್ದ, ಅಂಗಿ ಬಿಚ್ಚಿ ನಿಲ್ಲುತ್ತಿದ್ದ, ಹೋಗುತ್ತಿದ್ದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅಕ್ಕ ಅವನನ್ನು ನೋಡುತ್ತಿದ್ದದ್ದು ಕ್ಯಾಮೆರಾದೊಳಗೆ, ಆಮೇಲೆ ಕಂಪ್ಯೂಟರಿನಲ್ಲಿ. ಮುಖಕ್ಕೆ ಮುಖ ಕೊಟ್ಟು ನೋಡುವ ಅಭ್ಯಾಸ ಆ ಕಸುಬಿನವರಿಗೆ ಎಂದೋ ತಪ್ಪಿಹೋಗಿರುತ್ತದೆ.

ಬಣ್ಣ ತಿದ್ದುವುದನ್ನು ಅವಳಿಗೆ ಕಲಿಸಿದ ಮುದುಕ ಒಂದೇ ಪಾಠ ಹೇಳಿಕೊಟ್ಟಿದ್ದ. ಅಂಗಿಯ ಬಿಳಿ ನಂಬಬೇಡ, ಗೋಡೆಯ ಬಿಳಿಯನ್ನೂ ನಂಬಬೇಡ, ಅವು ಮಾಸುತ್ತವೆ. ಕಣ್ಣಿನ ಬಿಳಿಯನ್ನು ನಂಬು. ಇಪ್ಪತ್ತು ವರ್ಷದಿಂದ ಅವಳು ಹಾಗೇ ಮಾಡಿದ್ದಳು. ಫೋಟೋದಲ್ಲಿ ಕಣ್ಣಿನ ಬಿಳಿಯ ಮೇಲೆ ಮೌಸಿನ ಬಾಣ ಇಟ್ಟು ಒತ್ತಿ, ಇದೇ ಬಿಳಿ ಎಂದು ಕಂಪ್ಯೂಟರಿಗೆ ತೋರಿಸಿಬಿಟ್ಟರೆ ಮಿಕ್ಕ ಬಣ್ಣವೆಲ್ಲ ತಾನಾಗಿ ಸರಿಹೋಗುತ್ತಿತ್ತು.

ಎಂಟನೆಯ ವಾರ ನೀಲಿ ಇನ್ನಷ್ಟು ಕಪ್ಪೇರಿತು. ಅವಳು ದೀಪ ಬದಲಾಯಿಸಿದಳು. ಒಂಬತ್ತನೆಯ ವಾರಕ್ಕೆ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದಳು. ನೀಲಿ ಜಗ್ಗಲಿಲ್ಲ. ಅದೇ ದಿನ ಅದೇ ಗೋಡೆಯ ಮುಂದೆ ಕೂತ ಶಾಲೆಯ ಮೇಡಂ ಒಬ್ಬರ ಫೋಟೋದಲ್ಲಿ ಗೋಡೆ ಹಾಲಿನಂತೆ ಬೆಳ್ಳಗಿತ್ತು. ತಮ್ಮನ ಹಿಂದೆ ಮಾತ್ರ ಅದು ಸಂಜೆಯ ನೆರಳಿನ ಹಾಗೆ ನಿಂತಿತ್ತು. ಆ ಗೋಡೆಗೆ ಅವನನ್ನು ಕಂಡರೆ ಏನೋ ಆಗುತ್ತದೆ ಎಂದು ಅವಳಿಗೆ ಅನ್ನಿಸಿತು. ಇಂಥದ್ದನ್ನು ಯಾರಿಗೆ ಹೇಳುವುದು? ಹೇಳಿದರೆ ನಕ್ಕಾರು.

ಹತ್ತನೆಯ ಭಾನುವಾರ ತಮ್ಮ ಕೈ ಕೆರೆದುಕೊಳ್ಳುತ್ತ ಬಂದ.

"ಯಾಕೋ, ಸೊಳ್ಳೆ ಕಚ್ತಾ?"

"ಗೊತ್ತಿಲ್ಲ ಅಕ್ಕ, ಮೈಯೆಲ್ಲ ತುರಿಕೆ. ಊಟಾನೂ ಸೇರ್ತಿಲ್ಲ. ಒಳ್ಳೇದೇ ಆಯ್ತು ಬಿಡು, ಹೊಟ್ಟೆ ಕರಗುತ್ತೆ."

ಫೋಟೋ ತೆಗೆದು ಅವನನ್ನು ಕುರ್ಚಿಯಲ್ಲಿ ಕೂರಿಸಿ ಅವಳು ಕಂಪ್ಯೂಟರಿನ ಮುಂದೆ ಕೂತಳು. ಕಣ್ಣಿನ ಬಿಳಿಯನ್ನು ಒತ್ತಿದಳು. ಗೋಡೆ ಒಮ್ಮೆಗೇ ಕಡುನೀಲಿಯಾಯಿತು. ಇದರ ಹಣೆಬರಹ ನೋಡೇಬಿಡೋಣ ಎಂದು ಸಿಟ್ಟಿನಿಂದ ತಿದ್ದಿದ್ದನ್ನು ಅಳಿಸಿ, ಈ ಸಲ ಬಾಣವನ್ನು ಗೋಡೆಯ ಮೇಲಿಟ್ಟು ಒತ್ತಿದಳು.

ಗೋಡೆ ಬೆಳ್ಳಗಾಯಿತು. ತಮ್ಮ ಹಳದಿಯಾದ. ಮುಖ, ಎದೆ, ಕೈ, ಎಲ್ಲಕ್ಕಿಂತ ಹೆಚ್ಚಾಗಿ ಅವಳು ನಂಬಿದ್ದ ಆ ಎರಡು ಕಣ್ಣು.

ಅವಳು ತಿರುಗಿ ನೋಡಿದರೆ ಅವನು ಕೂತಲ್ಲೇ ನಿದ್ದೆಹೋಗಿದ್ದ. ರಟ್ಟೆ ಹಿಡಿದು ಎಬ್ಬಿಸಿ ಬೀದಿಯ ಬಿಸಿಲಿಗೆ ಎಳೆದು ತಂದಳು. ಬಿಸಿಲಿನಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು.

ರಕ್ತದ ವರದಿ ನೋಡಿದ ಡಾಕ್ಟರಮ್ಮ ಪುಡಿಯ ವಿಷಯ ಕೇಳಿ ನಿಟ್ಟುಸಿರು ಬಿಟ್ಟರು.

"ಲಿವರ್ ಬಹಳ ಕೆಟ್ಟಿದೆ. ಪುಡಿ, ಮಾತ್ರೆ ಎರಡೂ ಇವತ್ತೇ ನಿಲ್ಲಬೇಕು. ಹಳದಿ ಯಾವಾಗ ಶುರುವಾಯ್ತು?"

ಅಕ್ಕ ತನ್ನ ಫೋನಿನಲ್ಲಿದ್ದ ಹಿಂದಿನ ಒಂಬತ್ತೂ ಫೋಟೋಗಳನ್ನು ಗೋಡೆಯ ಬಿಳಿಗೆ ತಿದ್ದಿ ಒಂದರ ಹಿಂದೆ ಒಂದು ತೋರಿಸಿದಳು. ಆರನೆಯದರಲ್ಲಿ ಹಳದಿ ಕಣ್ಣಂಚಿಗೆ ಬಂದು ಕೂತಿತ್ತು. ಕಣ್ಣಿನ ಆ ಹಳದಿಯನ್ನು ಬಿಳಿ ಮಾಡಲು ಕಂಪ್ಯೂಟರು ಬೆರೆಸಿದ ನೀಲಿಯೇ ಗೋಡೆಗೆ ಹತ್ತಿತ್ತು. ಒಂದು ತಿಂಗಳು ಪ್ರತಿ ಭಾನುವಾರ ಅವಳೇ ಕೈಯಾರೆ ಅದನ್ನು ಒರೆಸಿಹಾಕಿದ್ದಳು.

"ಕೆಲವರಿಗೆ ನಿಲ್ಲಿಸಿದ ಮೇಲೆ ತಾನೇ ಚೇತರಿಸಿಕೊಳ್ಳುತ್ತೆ," ಎಂದರು ಡಾಕ್ಟರಮ್ಮ. "ಕೆಲವರಿಗೆ ಇಲ್ಲ, ಆಗ ಬೇರೆ ಲಿವರೇ ಹಾಕಬೇಕಾಗುತ್ತೆ. ಇವತ್ತು ಪಕ್ಕದಲ್ಲೇ ಇರಿ. ಮಾತು ಅಡ್ಡಾದಿಡ್ಡಿ ಆದ್ರೆ ವಿಷ ತಲೆಗೇರ್ತಿದೆ ಅಂತ ಅರ್ಥ. ಒಂದು ನಿಮಿಷಾನೂ ಕಾಯ್ಬೇಡಿ, ಗಂಟೆ ಒತ್ತಿ."

ಮಧ್ಯಾಹ್ನವೆಲ್ಲ ಅವಳು ಹಾಸಿಗೆಯ ಪಕ್ಕ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಮುಖವನ್ನೇ ಕಾದಳು. ಹೊಟ್ಟೆಯ ಬಗ್ಗೆ ತಾನಾಡಿದ ಆ ಹಾಳು ಮಾತಿಗೆ ನಾಲಿಗೆ ಕಚ್ಚಿಕೊಂಡಳು. ನಾಲ್ಕರ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ಬೈಯಲ್ಲ ಅಂದ್ರೆ ಒಂದ್ಮಾತು ಹೇಳ್ತೀನಿ."

"ಹೇಳೋ."

"ಮೂರು ವಾರದ ಹಿಂದೆ ಕನ್ನಡೀಲಿ ಕಣ್ಣು ಹಳದಿ ಕಾಣ್ತು. ಭಯ ಆಯ್ತು. ಆಮೇಲೆ ನೀನು ಕೊಟ್ಟ ಫೋಟೋ ನೋಡ್ದೆ. ಬೆಳ್ಳಗಿತ್ತು. ಅಕ್ಕನ ಕಣ್ಣು ತಪ್ಪಲ್ಲ, ಕನ್ನಡೀನೇ ಹಳೇದು ಅಂದ್ಕೊಂಡು ಪುಡಿ ಕುಡ್ದೆ."

ಅವಳು ಅವನ ಕೈ ಹಿಡಿದಳು. ಮಾತು ನೆಟ್ಟಗಿದೆಯಲ್ಲ, ಅಷ್ಟು ಸಾಕು ಎಂದುಕೊಂಡಳು.

"ಇವತ್ತು ಭಾನುವಾರ ಅಲ್ವಾ," ಎಂದ ತಮ್ಮ, ಎದುರಿನ ಖಾಲಿ ಗೋಡೆಯ ಕಡೆ ನೋಡುತ್ತ. "ಫೋಟೋ ತೆಗಿ ಅಕ್ಕ. ಅವ್ರೆಲ್ಲ ಆಗಿಂದ ಸಾಲಾಗಿ ನಿಂತವ್ರೆ ನೋಡು, ಸ್ವಲ್ಪ ಸರಿಯೋಕೆ ಹೇಳು. ನಾನೂ ಅಲ್ಲೇ ನಿಂತ್ಕೋಬೇಕು."

ಅವಳು ಒಂದು ನಿಮಿಷವೂ ಕಾಯಲಿಲ್ಲ. ಅವನ ಕೈ ಬಿಡದೆ ಗಂಟೆ ಒತ್ತಿದಳು, ಓಡಿ ಬರುವ ಹೆಜ್ಜೆಯ ಸದ್ದು ಕೇಳುವ ತನಕ ಒತ್ತುತ್ತಲೇ ಇದ್ದಳು.