ಹನ್ನೆರಡು ಫ್ರೇಮು

ಸಿನಿಮಾ ಕಂಪನಿಯವನು ಹೂವಿನ ಚಕ್ರವನ್ನು ಹೆಣದ ಕಾಲ ಮೇಲಿಟ್ಟು, ಅದರ ಪಟ್ಟಿಯ ಅಕ್ಷರ ಫೋಟೋದಲ್ಲಿ ಕಾಣಲೆಂದು ಎರಡನೇ ಸಲ ತಿರುಗಿಸುತ್ತಿದ್ದ. ಸತ್ತವನ ಅಕ್ಕ ಅದನ್ನು ಎತ್ತಿ, ಬಾಗಿಲಾಚೆ ಚಪ್ಪಲಿಗಳ ಪಕ್ಕ ಇಟ್ಟು ಬಂದಳು.

"ಅವನಿಗೆ ಕಾಲುನೋವಿತ್ತು. ಭಾರ ಹಾಕಬೇಡಿ."

ಪಟ್ಟಿಯ ಮೇಲೆ 'ನಮ್ಮ ಕುಟುಂಬದ ಸದಸ್ಯನಿಗೆ' ಎಂದಿತ್ತು. ಆರು ವರ್ಷದ ಹಿಂದೆ ಇದೇ ಕಂಪನಿ ಇದೇ ವಿಳಾಸಕ್ಕೆ ಕಳಿಸಿದ್ದ ವಕೀಲರ ನೋಟಿಸು ಅವನನ್ನು ಸಿನಿಮಾ ಕಳ್ಳ ಎಂದು ಕರೆದಿತ್ತು. ಅವನು ಆ ನೋಟಿಸನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುವ ಕಂಪ್ಯೂಟರ್ ಮೇಜಿನ ಕಾಲಿನಡಿ ಸಿಕ್ಕಿಸಿದ್ದ. ಈಗಲೂ ಅದು ಅಲ್ಲೇ ಇತ್ತು.

ಟೀವಿ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಕೆಳಗೆ ಅವನ ದುಡಿಮೆ, ಮೇಲೆ ಅವನ ಹುಚ್ಚು. ಹುಚ್ಚೆಂದರೆ ಐವತ್ತು ವರ್ಷದ ಹಿಂದಿನ ಒಂದು ಸಿನಿಮಾ, ಚಂದ್ರನ ಗಣಿಯಲ್ಲಿ ದುಡಿಯುವ ಲೋಹದ ಜನರ ಕತೆ. ಕಂಪನಿ ಅದನ್ನು ಟೀವಿಗೆಂದು ಕತ್ತರಿಸಿ ಗಿಡ್ಡ ಮಾಡಿತ್ತು. ಮೂಲ ನೆಗೆಟಿವನ್ನು ಸೋರುವ ಗೋದಾಮಿನಲ್ಲಿ ಕೊಳೆಸಿತ್ತು. ಇವನು ಗುಜರಿಯಲ್ಲಿ ಸಿಕ್ಕ ಒಂದು ಪೂರ್ತಿ ಪ್ರಿಂಟನ್ನು ಹೊತ್ತು ತಂದ. ಹದಿನಾಲ್ಕು ವರ್ಷ ಕೂತು, ಕತ್ತರಿಸಿದ್ದನ್ನು ಮತ್ತೆ ಜೋಡಿಸಿದ, ಒಂದೊಂದೇ ಫ್ರೇಮಿನಿಂದ ಧೂಳು, ಗೀರು ತೆಗೆದ. ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು, ಒಂದೂವರೆ ಗಂಟೆಯ ಸಿನಿಮಾ. ಅಂತರ್ಜಾಲದ ಅಭಿಮಾನಿ ಗುಂಪಿನಲ್ಲಿ ಅವನ ನಿಜ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಧೂಳಪ್ಪ.

ಕೋಣೆಯ ತುಂಬ ಕೊಳೆತ ಫಿಲ್ಮಿನ ಹುಳಿ ವಾಸನೆ. ಅಭಿಮಾನಿಗಳು ಒಂದೇ ಥರದ ರಾಕೆಟ್ ಟೀಶರ್ಟು ತೊಟ್ಟು ಬಂದಿದ್ದರು. ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ, ಇನ್ನೊಂದರಲ್ಲಿ ಫೋನು. ಅವರಲ್ಲೊಬ್ಬ ಬೋಳುತಲೆಯವನು ಕೀಬೋರ್ಡಿನಿಂದ ಒಂದು ಕೀಲಿ ಕಿತ್ತು ಜೇಬಿಗಿಳಿಸಿದ.

"ಏನ್ರೀ ಅದು?" ಅಂದಳು ಅಕ್ಕ.

"ನೆನಪಿಗೆ ಇರಲಿ ಅಂತ, ಮೇಡಂ."

"ಹಾಗಾದ್ರೆ ಹಲ್ಲೂ ಒಂದು ಕಿತ್ಕೊಳ್ಳಿ. ಬಾಯಿ ಇನ್ನೂ ಕಟ್ಟಿಲ್ಲ."

ಅವನು ಹಲ್ಲು ಕಿರಿದ. ಕೀಲಿಯನ್ನು ವಾಪಸ್ ಇಡಲಿಲ್ಲ.

ಗುಂಪು ನಡೆಸುವವನು ಹತ್ತಿರ ಬಂದು ಕೂತ. ಅವನನ್ನು ಎಲ್ಲರೂ ಅಡ್ಮಿನ್ ಅನ್ನುತ್ತಿದ್ದರು. ಹೆಂಡತಿಯೂ ಹಾಗೇ ಕರೆಯುತ್ತಾಳೆಂದು ಧೂಳಪ್ಪ ನಗುತ್ತಿದ್ದ.

"ಅಕ್ಕಾ, ಇವತ್ತು ಕೇಳಬಾರದು. ಆದ್ರೂ ಆ ಹಾರ್ಡ್ ಡಿಸ್ಕು... ನನ್ನ ಹತ್ರ ಇರೋದು ಸಣ್ಣ ಕಾಪಿ, ದೊಡ್ಡ ಪರದೆಗೆ ಸಾಲಲ್ಲ. ಕಂಪನಿಯವರು ಐವತ್ತನೇ ವರ್ಷ ಅಂತ ಥಿಯೇಟರಿಗೆ ಬಿಡ್ತಿದಾರೆ. ಅಣ್ಣನ ಹೆಸರು ಪರದೆ ಮೇಲೆ ಬರುತ್ತೆ."

"ಕೇಳಬಾರದು ಅಂತ ಗೊತ್ತಿದ್ದೂ ಕೇಳಿದ್ರಲ್ಲ."

ಡಿಸ್ಕು ಅವಳ ಹೊಲಿಗೆ ಚೀಲದಲ್ಲಿ ಕತ್ತರಿಯ ಪಕ್ಕ ಇತ್ತು. ಆಸ್ಪತ್ರೆಯಲ್ಲಿ ತಮ್ಮ ಅದನ್ನು ಅವಳ ಕೈಗೇ ಕೊಟ್ಟಿದ್ದ.

"ಕೊಟ್ಟುಬಿಡೇ," ಅಂದ ಅವಳ ಗಂಡ. ಅವನನ್ನು ಇಡೀ ಬೀದಿ ಭಾವ ಎಂದೇ ಕರೆಯುತ್ತಿತ್ತು. "ಹದಿನಾಲ್ಕು ವರ್ಷ ಕಣ್ಣು ಹಾಳು ಮಾಡ್ಕೊಂಡ. ಹೆಸರಾದ್ರೂ ಬರಲಿ."

ಅವಳಿಗೂ ಹಾಗೇ ಅನ್ನಿಸಿತ್ತು. ಕೊಡಬೇಕೆಂದೇ ಚೀಲ ತಂದಿದ್ದಳು.

*

ಆಗ ಅವಳಿಗೆ ಹತ್ತು, ತಮ್ಮನಿಗೆ ಎಂಟು. ಅಮ್ಮ ಇಬ್ಬರನ್ನೂ ಥಿಯೇಟರಿನ ಮುಂದಿನ ಬೆಂಚಿಗೆ ಕರೆದೊಯ್ದಿದ್ದಳು. ಪರದೆಯ ಮೇಲೆ ನಲವತ್ತು ಲೋಹದ ಜನ, ನಲವತ್ತಕ್ಕೂ ಒಂದೇ ತಗಡಿನ ಮುಖ.

"ಇದ್ರಲ್ಲಿ ನೀನ್ಯಾರಮ್ಮ?"

"ತಾಳು. ಈಗ ಬೀಳ್ತೀನಿ, ಗೊತ್ತಾಗುತ್ತೆ."

ಬಿದ್ದಳು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದು, ಮೇಲೆ ತಗಡು ಬಿಗಿದು, ಉಸಿರಿಗೆ ಎರಡು ತೂತು ಬಿಟ್ಟು, ಉರಿಯುವ ದೀಪಗಳ ಕೆಳಗೆ ಮೂರು ದಿನ ನಿಲ್ಲಿಸಿದ್ದರು. ಬಿದ್ದವಳು 'ಮುಖದ ತಗಡು ಬಿಚ್ಚಿ' ಎಂದು ಕೈ ಎತ್ತಿದಳು. ಕ್ಯಾಮೆರಾ ನಿಲ್ಲಲಿಲ್ಲ. ಗಣಿ ಕುಸಿಯುವ ದೃಶ್ಯವಾದ್ದರಿಂದ ದೀಪಗಳು ಹೊತ್ತಿ ಆರುತ್ತಿದ್ದವು. ಹೊತ್ತಿದಾಗಲೆಲ್ಲ ಆ ಕೈ ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡು ಮಾಯವಾಗುತ್ತಿತ್ತು. ನಟನೆ ಚೆನ್ನಾಗಿ ಬಂತು ಎಂದರಂತೆ ನಿರ್ದೇಶಕರು.

ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹೊಡೆದರು. ಅಮ್ಮನೂ ನಕ್ಕಳು. ನಗು ಕೆಮ್ಮಾಯಿತು. ಆ ಕೆಮ್ಮು ನಿಂತದ್ದು ನಾಲ್ಕು ವರ್ಷದ ಮೇಲೆ, ಅವಳ ಉಸಿರಿನ ಜೊತೆಗೆ. ಕಫ ಬೂದಿ ಬಣ್ಣಕ್ಕಿರುತ್ತಿತ್ತು. ಬಟ್ಟಲು ತೊಳೆಯುವ ಕೆಲಸ ಅಕ್ಕನದಾಗಿತ್ತು.

*

"ಎರಡೇ ನಿಮಿಷ ಅಕ್ಕ, ಗಾಡಿ ಬರೋದರೊಳಗೆ ಮುಗಿಯುತ್ತೆ," ಎಂದು ಅಡ್ಮಿನ್ ಟೀವಿಗೆ ಪೆನ್ ಡ್ರೈವ್ ಚುಚ್ಚಿದ. ಶ್ರದ್ಧಾಂಜಲಿಗೆಂದು ಗುಂಪು ತಯಾರಿಸಿದ ತುಣುಕು.

ಮೊದಲು ಧೂಳಪ್ಪನ ಫೋಟೋ ಬಂತು. ಸುಕ್ಕು, ಮಚ್ಚೆ, ಹಣೆಯ ಗಾಯದ ಗುರುತು ಎಲ್ಲ ಹೋಗಿ ಮುಖ ನೀರಲ್ಲಿ ನೆನೆದ ಸೋಪಿನಂತಿತ್ತು.

"ಇದ್ಯಾರು?" ಅಂದ ಭಾವ.

ಆಮೇಲೆ ಗಣಿಯ ದೃಶ್ಯ. ಲೋಹದ ಹೆಂಗಸು ಬಿದ್ದಳು. ಕತ್ತಲು. ಬೆಳಕು. ಕತ್ತಲು. ಬೆಳಕು. ನೆಲ ಆಗತಾನೆ ಒರೆಸಿದಂತೆ ಹೊಳೆಯುತ್ತಿತ್ತು.

"ಇನ್ನೊಂದ್ಸಲ ಹಾಕಿ," ಅಂದಳು ಅಕ್ಕ. ಹಾಕಿದ. "ಕೈ ಎಲ್ಲಿ?"

"ಯಾವ ಕೈ?"

"ನಮ್ಮಮ್ಮಂದು."

ಅಡ್ಮಿನ್ ತುಣುಕನ್ನು ಹಿಂದಕ್ಕೆ ಸರಿಸಿ ನೋಡಿದ. "ಓ, ಅದಾ? ಅಲ್ಲೊಂದು ಹನ್ನೆರಡು ಫ್ರೇಮು ಅಣ್ಣ ಕ್ಲೀನ್ ಮಾಡದೇ ಬಿಟ್ಟಿದ್ರು. ಹುಷಾರಿರಲಿಲ್ಲವಲ್ಲ, ಕಣ್ತಪ್ಪಿರಬೇಕು ಅಂತ ನಾವೇ ಮಷೀನಿಗೆ ಕೊಟ್ವಿ. ಒಂದು ಫ್ರೇಮಲ್ಲಿದ್ದು ಅದರ ಹಿಂದೆ ಮುಂದೆ ಇಲ್ಲದ್ದನ್ನೆಲ್ಲ ಅದು ಧೂಳು ಅಂತ ಒರೆಸುತ್ತೆ. ಅರ್ಧ ಸೆಕೆಂಡು ಅಕ್ಕ. ಯಾರಿಗೂ ಗೊತ್ತಾಗಲ್ಲ."

ಅವಳು ಹೊಲಿಗೆ ಚೀಲದ ಬಾಯಿ ಬಿಗಿದು ಮಡಿಲಿಗೆಳೆದುಕೊಂಡಳು.

*

ಹೋದ ವರ್ಷ ತಮ್ಮ ಅವಳನ್ನು ಇದೇ ಮೇಜಿನ ಮುಂದೆ ಕೂರಿಸಿ, ಬಾಣದ ಗುರುತಿನ ಕೀಲಿ ಒತ್ತಲು ಕಲಿಸಿದ್ದ. ಒಂದು ಒತ್ತಿಗೆ ಒಂದು ಫ್ರೇಮು.

"ಇದನ್ಯಾಕೋ ಒರೆಸಿಲ್ಲ? ನಾನು ಇಷ್ಟು ದಾರ ಬಿಟ್ಟು ಬಟ್ಟೆ ಕೊಟ್ರೆ ಗಿರಾಕಿ ಮುಖಕ್ಕೆ ಎಸೀತಾರೆ."

"ನೋಡಕ್ಕ, ಇದು ಬೆರಳು. ಇದು ಧೂಳು. ಇದು?"

ಅವಳು ಕನ್ನಡಕ ಏರಿಸಿ ನೋಡಿದಳು.

"ಎಲ್ಲಿ ಧೂಳು ಮುಗೀತು, ಎಲ್ಲಿ ಅಮ್ಮ ಶುರುವಾದ್ಲು ಅಂತ ಮೂರು ವರ್ಷದಿಂದ ನೋಡ್ತಿದೀನಿ. ಗೊತ್ತಾಗಲ್ಲ. ಒರೆಸೋಕೆ ಹೋದ್ರೆ ಅವಳ ಉಗುರೂ ಹೋಗುತ್ತೆ. ಗಲೀಜಾಗೇ ಇರಲಿ ಬಿಡು."

*

"ಆ ಕೈ ಇದ್ದ ಹಾಗೇ ಇರುತ್ತೆ ಅಂತ ಬರೆದುಕೊಡಿ," ಎಂದು ಅವಳು ಕಂಪನಿಯವನಿಗೆ ಹೇಳಿದಳು. "ಡಿಸ್ಕು ತಗೊಂಡು ಹೋಗಿ."

"ಮೇಲಿನವರನ್ನು ಕೇಳ್ತೀನಿ ಮೇಡಂ."

ಅವನು ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದು ಒಳಗೆಲ್ಲ ಕೇಳಿಸಿತು. "ಹೌದು ಸರ್... ಹೀರೋಯಿನ್ ಅಲ್ಲ ಸರ್, ಎಕ್ಸ್‌ಟ್ರಾ... ನಿಜವಾಗಿ ಬಿದ್ದಿದ್ದಂತೆ... ಹೌದು, ಸತ್ರಂತೆ, ಆಮೇಲೆ... ಸರಿ ಸರ್."

ಕೆಳಗೆ ಹೆಣದ ಗಾಡಿ ಬಂದು ಹಾರನ್ ಹೊಡೆಯಿತು. ಅವನು ಒಳಗೆ ಬಂದು ಕರವಸ್ತ್ರವನ್ನು ಮತ್ತೆ ಮೂಗಿಗೆ ಏರಿಸಿದ.

"ಕೈ ಬೇಡವಂತೆ ಮೇಡಂ. ನೋಡೋರು ಖುಷಿಗೆ ಅಂತ ಬರ್ತಾರೆ, ಸುಮ್ನೆ ಮನಸ್ಸು ಕೆಡುತ್ತೆ ಅಂದ್ರು. ಬೇಕಾದ್ರೆ ನಿಮ್ಮ ತಾಯಿ ಹೆಸರನ್ನೂ ಹಾಕ್ತಾರಂತೆ."

"ಹೆಸರು ಗೊತ್ತಾ ಅವರಿಗೆ?"

ಅವನು ಫೋನಿನ ಕಡೆ ನೋಡಿದ, ಉತ್ತರ ಅದರಲ್ಲಿರುವಂತೆ.

ಅಕ್ಕ ಎದ್ದು ಮೇಜಿನ ಮುಂದೆ ಕೂತು, ಚೀಲದಿಂದ ಡಿಸ್ಕು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿ, ತಮ್ಮ ಕಲಿಸಿದ ಹಾಗೆ ಗಣಿಯ ದೃಶ್ಯ ತೆರೆದಳು. ಕೀಬೋರ್ಡಿನ ಮೇಲೆ ಕೈಯಾಡಿಸಿದಳು. ಬಾಣದ ಕೀಲಿಯ ಜಾಗದಲ್ಲಿ ತೂತಿತ್ತು. ತಿರುಗಿ ನೋಡದೆ ಅಂಗೈ ಚಾಚಿದಳು.

ಬೋಳುತಲೆಯವನು ಜೇಬಿಗೆ ಕೈ ಹಾಕಿದ. ಕೀಲಿಯನ್ನು ಅವಳ ಅಂಗೈಗಿಡುವಾಗ ಅವನ ಕಿವಿ ಕೆಂಪಾಗಿತ್ತು.

ಅವಳು ಅದನ್ನು ಕೂರಿಸಿ ಒತ್ತಿದಳು. ಬಿಳಿಯ ಚುಕ್ಕೆಗಳು, ಗೀರುಗಳು, ಅವುಗಳ ಮಧ್ಯೆ ಐದು ಬೆರಳು. ಒತ್ತಿದಳು. ಕತ್ತಲು. ಒತ್ತಿದಳು. ಬೆರಳುಗಳು ಇನ್ನಷ್ಟು ಅಗಲವಾಗಿದ್ದವು. ಒತ್ತುತ್ತ ಹೋಗಿ ಹನ್ನೆರಡನೆಯದರಲ್ಲಿ ನಿಲ್ಲಿಸಿದಳು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಅಡ್ಮಿನ್ ಪರದೆಗೆ ಮುಖ ಹತ್ತಿರ ತಂದು, ಮತ್ತೆ ಹಿಂದಕ್ಕೆಳೆದುಕೊಂಡ.

"ಅತ್ತೆಯಾ ಇದು?" ಅಂದ ಭಾವ. ಮದುವೆಯಾಗಿ ಮೂವತ್ತು ವರ್ಷವಾಗಿತ್ತು. ಅವರ ಮನೆಯಲ್ಲಿ ಆಕೆಯ ಒಂದು ಫೋಟೋ ಕೂಡ ಇರಲಿಲ್ಲ.

"ಹೂಂ."

ಅವನು ಮೂಗಿನ ಕರವಸ್ತ್ರ ತೆಗೆದು ಜೇಬಿಗಿಟ್ಟುಕೊಂಡ. "ಕೊಡಬೇಡ," ಅಂದ.

ಗಾಡಿ ಮತ್ತೆ ಹಾರನ್ ಹೊಡೆಯಿತು. ನಾಲ್ಕು ಜನ ಹೆಣವನ್ನು ಎತ್ತಿದರು. ಇಕ್ಕಟ್ಟಿನ ಮೆಟ್ಟಿಲಿಗೆ ತಿರುಗುವಾಗ ಮುಂದಿನವನು ಹೂವಿನ ಚಕ್ರವನ್ನು ತುಳಿದ, ಹಿಂದಿನವನೂ ತುಳಿದ. ಕಂಪನಿಯವನು ಪಟ್ಟಿಯನ್ನು ಕಿತ್ತು ಸುರುಳಿ ಸುತ್ತಿಕೊಂಡ.

ಕಂಪ್ಯೂಟರ್ ಆರಿಸಲು ಅಡ್ಮಿನ್ ಬಗ್ಗಿದ.

"ಮುಟ್ಟಬೇಡಿ," ಅಂದಳು ಅಕ್ಕ.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದು ಬೀಗ ಹಾಕಿದಳು. ಬೀಗವನ್ನು ಜಗ್ಗಿ ನೋಡಿ, ಕೀಲಿಕೈಯನ್ನು ಕತ್ತರಿಯ ಪಕ್ಕ ಹಾಕಿಕೊಂಡು ಕೆಳಗಿಳಿದಳು. ಬಾಗಿಲಿನ ಮಾಸಿದ ಗಾಜಿನಾಚೆ, ಖಾಲಿ ಕೋಣೆಯಲ್ಲಿ, ಹನ್ನೆರಡನೇ ಫ್ರೇಮು ಹೊತ್ತಿಯೇ ಇತ್ತು. ಧೂಳಿನ ನಡುವೆ ಒಂದು ಕೈ, ಎತ್ತಿದ್ದು ಎತ್ತಿದಂತೆಯೇ.